ಶಾಲು ಹೊದೆಸುವ ಮೊದಲು

ಯುವಕ ಮಂಡಲದ ಮಕ್ಕಳೇ, ಈ ಸಲದ ವಾರ್ಷಿಕೋತ್ಸವಕ್ಕೆ ತೃತೀಯ ಲಿಂಗಿ ಸಾಧಕಿಯೊಬ್ಬರನ್ನು ಕರೆಸಿ ಸನ್ಮಾನ ಮಾಡುವ ಅಂದಾಜಿದೆಯಂತೆ. ಸಂತೋಷ. ನಮ್ಮ ಕಡೆ ಶಾಲು, ಹಣ್ಣಿನ ಬುಟ್ಟಿ, ಸ್ಮರಣಿಕೆಗೆ ಎಂದೂ ಬರ ಬಂದದ್ದಿಲ್ಲ. ಆದರೆ ಒಂದು ಮಾತು, ಬೇಸರ ಮಾಡಬೇಡಿ. ದೂರದಿಂದ ಬಂದವರಿಗೆ ಶಾಲು ಹೊದೆಸುವುದು ಸುಲಭ. ನಾಳೆ ನಮ್ಮ ಕೊಕ್ಕಡದ ತೃತೀಯ ಲಿಂಗಿಯೇ ಒಬ್ಬರು ಪಂಚಾಯತಿಗೆ ನಾಮಪತ್ರ ಹಾಕಿದರೆ ನಿಮ್ಮಲ್ಲಿ ಎಷ್ಟು ಮಂದಿ ಅವರ ಜೊತೆ ಮನೆಮನೆ ತಿರುಗುತ್ತೀರಿ?

2021ರ ನವೆಂಬರಿನಲ್ಲಿ ಪದ್ಮಶ್ರೀ ಪಡೆಯುವ ಮುಂಚೆ ಮಂಜಮ್ಮ ಜೋಗತಿಯವರು ಸೆರಗು ಹಿಡಿದು ರಾಷ್ಟ್ರಪತಿಗಳ ದೃಷ್ಟಿ ತೆಗೆದರಲ್ಲ, ಆ ವಿಡಿಯೊ ಎಲ್ಲರ ಸ್ಟೇಟಸ್‌ನಲ್ಲಿತ್ತು. 2019ರಲ್ಲೇ ಅವರು ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷೆಯಾಗಿದ್ದರು. ದೊಡ್ಡ ಗೌರವವೇ, ಆದರೆ ಎರಡೂ ಸರ್ಕಾರ ಕೊಟ್ಟದ್ದು. ನನಗೆ ಇನ್ನೂ ದೊಡ್ಡದೆನಿಸಿದ್ದು 2020ರ ಡಿಸೆಂಬರಿನ ಗ್ರಾಮ ಪಂಚಾಯತ್ ಚುನಾವಣೆಯಲ್ಲಿ ಮೈಸೂರು ಜಿಲ್ಲೆಯ ಸಾಲಿಗ್ರಾಮದಿಂದ ತೃತೀಯ ಲಿಂಗಿ ದೇವಿಕಾ ಗೆದ್ದದ್ದು.

ಯಾಕೆ ಅಂದರೆ, ನಮ್ಮ ರಾಜ್ಯದಲ್ಲಿ 400 ಜನಸಂಖ್ಯೆಗೆ ಒಬ್ಬರಂತೆ ಪಂಚಾಯತ್ ಸದಸ್ಯರು. ಪಕ್ಷದ ಚಿಹ್ನೆಯ ಆಸರೆ ಇಲ್ಲ, ಅಲೆಯಲ್ಲಿ ತೇಲಿ ಗೆಲ್ಲುವಂತಿಲ್ಲ. ಓಟು ಹಾಕುವವರಿಗೆ ಅಭ್ಯರ್ಥಿಯ ಮನೆ ಗೊತ್ತು, ಮನೆಯವರು ಗೊತ್ತು, ಶಾಲೆಗೆ ಹೋಗುವಾಗ ಇದ್ದ ಹೆಸರೂ ಗೊತ್ತಿರುತ್ತದೆ. ಹಾಗೆ ಎಲ್ಲ ಗೊತ್ತಿರುವ ಊರು ಎಂತಹ ಹಿಂಸೆ ಕೊಡಬಲ್ಲದು ಎಂದು ನಾನು ಹೇಳಬೇಕಿಲ್ಲ; ಬಸ್‌ಸ್ಟ್ಯಾಂಡಿನಲ್ಲಿ ಹಿಂದಿನಿಂದ ಕೇಳುವ ನಗು ಸಾಕು. ಗುರುತಿಲ್ಲದ ನಗರಕ್ಕೆ ತೃತೀಯ ಲಿಂಗಿಗಳು ಓಡಿಹೋಗುವುದು ಅದಕ್ಕೇ. ಸಾಲಿಗ್ರಾಮದಲ್ಲಿ ಮಾತ್ರ, ಗೊತ್ತಿದ್ದವರೇ ಗುಟ್ಟಾಗಿ ಮುದ್ರೆ ಒತ್ತಿ ಗೆಲ್ಲಿಸಿದರು.

ನ್ಯೂಜಿಲೆಂಡಿನ ಕಾರ್ಟರ್ಟನ್ ಕೂಡ ರೈತಾಪಿ ಜನರ ಸಣ್ಣ ಪೇಟೆ. ಅಲ್ಲಿ ಇಂಥವರೇ ಆದ ಜಾರ್ಜಿನಾ ಬೇಯರ್ 1993ರಲ್ಲಿ ಕೌನ್ಸಿಲ್ ಸದಸ್ಯೆಯಾದರು, 1995ರಲ್ಲಿ ಮೇಯರ್, 1999ರಲ್ಲಿ ಸಂಸತ್ತಿಗೆ. ಊರಿನ ಕೆಲಸದಲ್ಲಿ ಎರಡು ವರ್ಷ ಕಂಡ ಮೇಲೆ ಜನ ಮೇಯರ್ ಮಾಡಿದರು ಎಂಬುದನ್ನು ಗಮನಿಸಿ.

ನಮ್ಮಲ್ಲಿ ಯಕ್ಷಗಾನ ಇದೆ, ಕೋಳ್ಯೂರು ರಾಮಚಂದ್ರ ರಾಯರ ಸ್ತ್ರೀವೇಷಕ್ಕೆ ಕೈಮುಗಿದ ಜನ ನಾವು, ಹಾಗಾಗಿ ನಮಗೆ ಇದೆಲ್ಲ ಹೊಸತಲ್ಲ ಎಂದು ಭಾಷಣ ಬರೆಯಬೇಡಿ. ಅದು ಬೆಳಿಗ್ಗೆ ಚೌಕಿಯಲ್ಲಿ ಕಳಚಿಡುವ ವೇಷ. ಇವರದ್ದು ವೇಷ ಅಲ್ಲ. ಆ ಅಂತರ ತಿಳಿಯದೆ ಹೊಗಳಿದರೂ ಅವರಿಗೆ ನೋವೇ.

ಇನ್ನು ಕಾಗದಪತ್ರ. ಇದನ್ನು ಹಗುರ ಮಾಡಬೇಡಿ. ಮಧ್ಯಪ್ರದೇಶದ ಕಟನಿಯಲ್ಲಿ ತೃತೀಯ ಲಿಂಗಿ ಕಮಲಾ ಜಾನ್ ಮೇಯರ್ ಚುನಾವಣೆ ಗೆದ್ದರು. ಆದರೆ ಸ್ಥಾನ ಮಹಿಳಾ ಮೀಸಲು. ಕಾನೂನಿನ ಲೆಕ್ಕದಲ್ಲಿ ಇವರು ಗಂಡಸು ಎಂದು ನ್ಯಾಯಾಲಯ ಆಯ್ಕೆಯನ್ನೇ ರದ್ದು ಮಾಡಿತು. ಜನ ಕೊಟ್ಟದ್ದನ್ನು ಕಾಗದ ಕಿತ್ತುಕೊಂಡಿತು. ತೃತೀಯ ಲಿಂಗವನ್ನು ಸುಪ್ರೀಂ ಕೋರ್ಟ್ ಮಾನ್ಯ ಮಾಡಿದ್ದು ಅದಾಗಿ ಎಷ್ಟೋ ವರ್ಷದ ಮೇಲೆ, 2014ರ ಏಪ್ರಿಲ್ 15ರಂದು. ತೃತೀಯ ಲಿಂಗಿಗಳ ಹಕ್ಕು ರಕ್ಷಣೆಯ 2019ರ ಕಾಯ್ದೆಯಂತೆ ಗುರುತಿನ ಪ್ರಮಾಣಪತ್ರ ಕೊಡುವವರು ಜಿಲ್ಲಾಧಿಕಾರಿ. ಕೊಕ್ಕಡದಿಂದ ಮಂಗಳೂರಿಗೆ ಹೋಗಿ ಬರಬೇಕಾಗಿ ಬಂದರೆ ಒಂದು ದಿನದ ಕೆಲಸ, ಒಂದು ದಿನದ ಸಂಬಳ. ಜೊತೆಗೆ ಹೋಗಿ. ಮತದಾರರ ಪಟ್ಟಿಯಲ್ಲಿ ಹೆಸರು, ಲಿಂಗ ಸರಿಯಾಗಿದೆಯೇ ನೋಡಿ ಕೊಡಿ. ನಿಮಗೆ ಮೊಬೈಲು ಬರುತ್ತದಲ್ಲ, ಆ ವಿದ್ಯೆ ಇದಕ್ಕೂ ಬಳಸಿ.

ಚುನಾವಣೆ ಬರುವವರೆಗೆ ಕಾಯಬೇಡಿ. ವಾರ್ಡ್ ಸಭೆಗೆ ಕರೆಯಿರಿ, ಕುರ್ಚಿ ಕೊಡಿ, ಅವರ ಮಾತು ನಡಾವಳಿಯಲ್ಲಿ ದಾಖಲಾಗಲಿ. ಬಾಡಿಗೆ ಮನೆ ಸಿಗದೆ ಅಲೆಯುತ್ತಿದ್ದರೆ ನಿಮ್ಮ ಅಪ್ಪಂದಿರ ಹತ್ತಿರ ನೀವೇ ಮಾತಾಡಿ; ಅಲ್ಲಿ ನನಗಿಂತ ನಿಮ್ಮ ಮಾತು ನಡೆಯುತ್ತದೆ.

ಮುಂದೆ ಗೆದ್ದರೆ, ತಲೆ ಮೇಲೆ ಕೂರಿಸುವುದು ಬೇಡ. ನಳ್ಳಿಯಲ್ಲಿ ನೀರು ಬಾರದಿದ್ದರೆ ಉಳಿದ ಸದಸ್ಯರನ್ನು ಹೇಗೆ ಕೇಳುತ್ತೀರೋ ಹಾಗೆಯೇ ಕೇಳಿ, ಜಗಳವನ್ನೂ ಮಾಡಿ. ಆದರೆ ಜಗಳ ನೀರಿನದ್ದೇ ಆಗಿರಲಿ ಮಾರಾಯರೇ.