ಕಿಡ್ನಿ ಕಲ್ಲು: ಪೀಣ್ಯದ ಕ್ಲಿನಿಕ್ಕಿನಲ್ಲಿ ಕಲಿತದ್ದು

1. ಕಷಾಯಕ್ಕಿಂತ ಮೊದಲು ನೀರಿನ ಲೆಕ್ಕ ಕೇಳಬೇಕು. ಪೀಣ್ಯ ಎರಡನೇ ಹಂತದಲ್ಲಿ ಫರ್ನೇಸ್ ಮುಂದೆ ಶಿಫ್ಟ್ ಮುಗಿಸಿ ಬರುವವರ ಅಂಗಿಯ ಬೆನ್ನಲ್ಲಿ ಬೆವರು ಒಣಗಿ ಬಿಳಿ ಉಪ್ಪಿನ ಗೆರೆ ಕಟ್ಟಿರುತ್ತದೆ. ಮೂತ್ರ ಕಡು ಹಳದಿ. ಗಾರ್ಮೆಂಟ್ಸ್ ಹೆಣ್ಣುಮಕ್ಕಳದ್ದು ಬೇರೆಯೇ ಕಥೆ: "ಪದೇ ಪದೇ ಬಾತ್‌ರೂಮಿಗೆ ಹೋದ್ರೆ ಸೂಪರ್‌ವೈಸರ್ ಬೈತಾರೆ ಡಾಕ್ಟ್ರೇ, ಅದಕ್ಕೇ ನೀರು ಕುಡಿಯೋದೇ ಇಲ್ಲ." ಇಟಲಿಯಲ್ಲಿ 5 ವರ್ಷ ನಡೆದು 1996ರಲ್ಲಿ ಪ್ರಕಟವಾದ ಅಧ್ಯಯನವೊಂದಿದೆ. ದಿನಕ್ಕೆ 2 ಲೀಟರ್ ಮೂತ್ರ ಬರುವಷ್ಟು ನೀರು ಕುಡಿದವರಲ್ಲಿ ಶೇ. 12 ಮಂದಿಗೆ ಕಲ್ಲು ಮರುಕಳಿಸಿತು, ಉಳಿದವರಲ್ಲಿ ಶೇ. 27 ಮಂದಿಗೆ. ಇಷ್ಟು ಗಟ್ಟಿ ಸಾಕ್ಷ್ಯ ನಮ್ಮ ಯಾವ ಕಷಾಯಕ್ಕೂ ಇಲ್ಲ. ಆಯುರ್ವೇದ ಓದಿದವನೇ ಹೇಳುತ್ತಿದ್ದೇನೆ.

2. ಬಾಳೆದಿಂಡಿನ ರಸದಿಂದ ಕಲ್ಲು ಕರಗಿತು ಎನ್ನುವವರ ಹಳೆಯ ಸ್ಕ್ಯಾನ್ ರಿಪೋರ್ಟ್ ನೋಡಿ. 5 ಮಿ.ಮೀ. ಒಳಗಿನ ಕಲ್ಲು ಬಹುಪಾಲು ತಾನಾಗಿಯೇ ಬಿದ್ದುಹೋಗುತ್ತದೆ; ಹೆಸರು ಮಾತ್ರ ದಿಂಡಿಗೆ. ಹಾಗೆಂದು ದಿಂಡು, ಹುರುಳಿ ಕಟ್ಟು ಬೇಡ ಎನ್ನುವುದಿಲ್ಲ, ಆ ನೆಪದಲ್ಲಾದರೂ ಎರಡು ಲೋಟ ನೀರು ಒಳಗೆ ಹೋಗಲಿ. ಕಿಡ್ನಿಯ ಕೆಲಸ ಕುಗ್ಗಿ ರಕ್ತದಲ್ಲಿ ಕ್ರಿಯಾಟಿನಿನ್ ಏರಿದವರಿಗೆ ಮಾತ್ರ ದಿಂಡು ಕೊಡಬಾರದು, ಅದರಲ್ಲಿನ ಪೊಟ್ಯಾಸಿಯಂ ಅವರಿಗೆ ಅಪಾಯ.

3. ಗಿಡಮೂಲಿಕೆಗಳಲ್ಲಿ ನನಗೆ ಸ್ವಲ್ಪ ಭರವಸೆ ಇರುವುದು ನೆಲನೆಲ್ಲಿಯ ಮೇಲೆ. ಮಳೆ ಬಿದ್ದರೆ ಶೆಡ್ಡುಗಳ ಕಾಂಪೌಂಡ್ ಬದಿಯಲ್ಲೂ ಹುಟ್ಟುವ ಗಿಡ. ಬ್ರೆಜಿಲ್ಲಿನವರೂ ಕಲ್ಲಿಗೆ ಇದನ್ನೇ ಕುದಿಸಿ ಕುಡಿಯುತ್ತಾರೆ. ಮೂತ್ರದಲ್ಲಿ ಕ್ಯಾಲ್ಸಿಯಂ ಹೆಚ್ಚಿದ್ದ ರೋಗಿಗಳಲ್ಲಿ ಅದು ಇಳಿದದ್ದನ್ನು 2004ರಲ್ಲಿ ಅಲ್ಲಿನ ವೈದ್ಯರು ತೋರಿಸಿದರು. ಆದರೆ ದೊಡ್ಡ ಕಲ್ಲನ್ನು ಕರಗಿಸುತ್ತದೆ ಎನ್ನಲು ಪುರಾವೆಯಿಲ್ಲ.

4. ಮಾತ್ರೆಯೆಂದ ಮಾತ್ರಕ್ಕೆ ಪರೀಕ್ಷೆಯಲ್ಲಿ ಗೆದ್ದದ್ದು ಎಂದುಕೊಳ್ಳಬೇಡಿ. ಇದೇ ತುಮಕೂರು ರಸ್ತೆಯ ಮಾಕಳಿಯಲ್ಲಿರುವ ಹಿಮಾಲಯ ಕಂಪನಿ ಕಿಡ್ನಿ ಕಲ್ಲಿಗೆಂದು ಮಾರುವ ಗಿಡಮೂಲಿಕೆಗಳ ಸಿಸ್ಟೋನ್ ಮಾತ್ರೆಯನ್ನು ಅಮೆರಿಕದ ಮೇಯೊ ಕ್ಲಿನಿಕ್ ವೈದ್ಯರು ಪರೀಕ್ಷಿಸಿ 2011ರಲ್ಲಿ ಫಲಿತಾಂಶ ಪ್ರಕಟಿಸಿದರು. ಒಂದು ವರ್ಷ ನುಂಗಿದರೂ ಮೂತ್ರದ ಅಂಶಗಳಲ್ಲಿ ಹೇಳಿಕೊಳ್ಳುವಂಥ ಬದಲಾವಣೆ ಕಾಣಲಿಲ್ಲ. ಕಲ್ಲಿನ ಒಟ್ಟು ಪ್ರಮಾಣ ಸರಾಸರಿಯಲ್ಲಿ ಹೆಚ್ಚೇ ಆಯಿತು. ಪರೀಕ್ಷೆಗೊಳಗಾದವರು ಬರೀ 10 ಮಂದಿ, ನಿಜ. ಹಾಗಿದ್ದರೆ ಇನ್ನೂ ದೊಡ್ಡದೊಂದು ಪರೀಕ್ಷೆ ನಮ್ಮಲ್ಲೇ ನಡೆಯಲಿ.

5. ಚಳಿಜ್ವರ ಬಂದರೆ, ಮೂತ್ರ ಕಟ್ಟಿದರೆ, ಇರುವುದೇ ಒಂದು ಕಿಡ್ನಿಯಾದರೆ ಕಷಾಯದ ಮಾತೇ ಬೇಡ. ಇಎಸ್‌ಐ ಕಾರ್ಡ್ ಜೇಬಿಗೆ ಹಾಕಿಕೊಂಡು ಅಂದೇ ಆಸ್ಪತ್ರೆಗೆ ಹೋಗಿ. ಶಿಫ್ಟ್ ಮುಗಿಯಲಿ ಎಂದು ಕಾಯಬೇಡಿ.