ಗ್ರೂಪಿಂಗ್ ಬೆಂಚಿನಲ್ಲಿ ಗೆಲ್ಲುವ ಹನ್ನೊಂದು ಸೂತ್ರಗಳು

ಡಿಎಂಎಲ್‌ಟಿ ಮುಗಿಸಿ ಬ್ಲಡ್ ಬ್ಯಾಂಕ್ ಸೇರುವವರಿಗೆ ಮೊದಲು ಕಲಿಸುವ ಕೆಲಸ ಗ್ರೂಪಿಂಗ್. ಕೆಲವೇ ದಿನಗಳಲ್ಲಿ ಕೈ ಪಳಗುತ್ತದೆ, ಸಲಿಗೆಯೂ ಬೆಳೆಯುತ್ತದೆ. ಕಾರ್ಲ್ ಲ್ಯಾಂಡ್‌ಸ್ಟೈನರ್ 1901ರಲ್ಲಿ ವಿಯೆನ್ನಾದಿಂದ ಪ್ರಕಟಿಸಿದ ತತ್ತ್ವವೇ ಇಂದಿಗೂ ನಡೆಯುತ್ತಿದೆ: ಸೀರಂ ಹಾಕಿದಾಗ ಕೆಂಪು ಕಣ ಗಂಟು ಕಟ್ಟಿದರೆ ಪಾಸಿಟಿವ್, ಇಲ್ಲವಾದರೆ ನೆಗೆಟಿವ್. ಆದರೆ ಓ ಗುಂಪಿನ ರೋಗಿಗೆ ಎ ಗುಂಪಿನ ರಕ್ತ ಏರಿದರೆ ಕೆಲವು ಮಿಲಿಲೀಟರ್ ಒಳಹೋಗುವಷ್ಟರಲ್ಲೇ ಕಣಗಳು ಒಡೆಯತೊಡಗುತ್ತವೆ. ಕಿಡ್ನಿ ಕೈಕೊಡಬಹುದು, ಪ್ರಾಣವೂ ಹೋಗಬಹುದು. ಈ ಬೆಂಚಿನಲ್ಲಿ ಯಶಸ್ಸು ಎಂದರೆ ವೇಗ ಎಂದು ನಾನು ಒಪ್ಪುವುದಿಲ್ಲ. ತಾಳೆಯಾಗದ ಫಲಿತಾಂಶವನ್ನು ಬಲವಂತವಾಗಿ ತಾಳೆ ಮಾಡದವರೇ ಇಲ್ಲಿ ಗೆಲ್ಲುವುದು.

1. ಟ್ಯೂಬಿಗಿಂತ ಮೊದಲು ಹಾಸಿಗೆ ನೋಡಿ

ಗುಂಪು ತಪ್ಪಿದ ರಕ್ತ ಏರಿದ ಪ್ರಕರಣಗಳನ್ನು ಕೆದಕಿದರೆ ಹೆಚ್ಚಿನವುಗಳ ಬುಡದಲ್ಲಿ ಸಿಗುವುದು ಹೆಸರಿನ ಗೊಂದಲ. ಸೀರಂ ಕೆಟ್ಟಿರುವುದು ಅಪರೂಪ. ನಮ್ಮ ಕಡೆಯ ಯಾವ ಜನರಲ್ ವಾರ್ಡಿನಲ್ಲೂ ಇಬ್ಬರು ಲಕ್ಷ್ಮಮ್ಮ, ಮೂವರು ಮಂಜುನಾಥ ಇರುವುದು ಮಾಮೂಲು. "ನೀವು ಲಕ್ಷ್ಮಮ್ಮನವರೇ?" ಎಂದು ಕೇಳಬೇಡಿ. ಜ್ವರದ ಮಂಪರಿನಲ್ಲಿರುವವರು ಯಾವ ಹೆಸರು ಹೇಳಿದರೂ "ಹೂಂ" ಅನ್ನುತ್ತಾರೆ. "ನಿಮ್ಮ ಹೆಸರೇನಮ್ಮಾ?" ಎಂದು ಕೇಳಿ, ಉತ್ತರವನ್ನು ಆಸ್ಪತ್ರೆ ನಂಬರಿನ ಜೊತೆ ತಾಳೆ ನೋಡಿ. ಟ್ಯೂಬಿಗೆ ಲೇಬಲ್ ಹಚ್ಚುವುದು ಸೂಜಿ ತೆಗೆದ ಮೇಲೆ, ಹಾಸಿಗೆಯ ಪಕ್ಕದಲ್ಲೇ. ಮೊದಲೇ ಹೆಸರು ಬರೆದಿಟ್ಟ ಖಾಲಿ ಟ್ಯೂಬುಗಳ ಸಾಲು ಅಪಾಯಕ್ಕೆ ಆಹ್ವಾನ. ಲೇಬಲ್ ಇಲ್ಲದ, ಫಾರಂ ಜೊತೆ ಒಂದಕ್ಷರ ಹೊಂದದ ಸ್ಯಾಂಪಲ್ ಬಂದರೆ ವಾಪಸ್ ಕಳಿಸಿ. ವಾರ್ಡಿನಿಂದ ಬೈಗುಳ ಬರಬಹುದು, ಬರಲಿ. ಹಳೆಯ ದಾಖಲೆ ಇಲ್ಲದ ರೋಗಿಗೆ ಬೇರೆ ಸಮಯದಲ್ಲಿ ತೆಗೆದ ಎರಡನೇ ಸ್ಯಾಂಪಲ್ ಕೇಳಿ. ತಪ್ಪು ವ್ಯಕ್ತಿಯ ರಕ್ತ ಸರಿಯಾದ ಹೆಸರಿನ ಟ್ಯೂಬಿನಲ್ಲಿ ಬಂದಿದ್ದರೆ, ಅದನ್ನು ಹಿಡಿಯಲು ಲ್ಯಾಬಿಗೆ ಬೇರೆ ದಾರಿಯೇ ಇಲ್ಲ.

2. ಎರಡು ಕಡೆಯಿಂದ ಪರೀಕ್ಷಿಸಿ

ಕಣಗಳ ಮೇಲೆ ಏನಿದೆ ಎಂಬುದು ಸೆಲ್ ಗ್ರೂಪಿಂಗ್. ಪ್ಲಾಸ್ಮಾದಲ್ಲಿ ಏನಿದೆ ಎಂಬುದು ಸೀರಂ ಗ್ರೂಪಿಂಗ್. ಎ ಗುಂಪಿನವರ ಕಣ ಆಂಟಿ-ಎ ಜೊತೆ ಗಂಟು ಕಟ್ಟಬೇಕು, ಅವರ ಸೀರಂ ಬಿ ಕಣಗಳನ್ನು ಗಂಟು ಕಟ್ಟಿಸಬೇಕು. ಎರಡೂ ಒಂದೇ ಮಾತು ಹೇಳಿದರೆ ಮಾತ್ರ ರಿಪೋರ್ಟ್. ಸಾಧ್ಯವಿದ್ದಲ್ಲೆಲ್ಲ ಈ ಎರಡನ್ನು ಇಬ್ಬರು ಬೇರೆ ಬೇರೆ ಮಾಡಲಿ, ಒಬ್ಬರದನ್ನು ಇನ್ನೊಬ್ಬರು ನೋಡದೆ ಬರೆಯಲಿ. ನವಜಾತ ಶಿಶುಗಳಿಗೆ ಮಾತ್ರ ಸೀರಂ ಗ್ರೂಪಿಂಗ್ ಲೆಕ್ಕಕ್ಕಿಲ್ಲ. ಅವರ ಸ್ವಂತ ಆಂಟಿಬಾಡಿ ಮೂಡಲು ತಿಂಗಳುಗಳು ಬೇಕು. ಆಗ ಸಿಗುವುದು ತಾಯಿಯದು.

3. ತಾಳೆಯಾಗದಿದ್ದರೆ ಅಲ್ಲೇ ನಿಲ್ಲಿ

ಇದರ ಬಗ್ಗೆ ನಾನು ಎಷ್ಟು ಹೇಳಿದರೂ ಕಡಿಮೆ. ಸೆಲ್ ಗ್ರೂಪಿಂಗ್ ಒಂದು ಹೇಳಿ, ಸೀರಂ ಗ್ರೂಪಿಂಗ್ ಇನ್ನೊಂದು ಹೇಳಿದಾಗ "ಯಾವುದೋ ಹನಿ ಹೆಚ್ಚಾಗಿರಬೇಕು" ಎಂದು ಬಹುಮತದ ಮೇಲೆ ತೀರ್ಪು ಕೊಡುವ ಅಭ್ಯಾಸ ಬಹಳ ಕಡೆ ಇದೆ. ಆ ಗೊಂದಲದ ಹಿಂದೆ ಒಂದು ಕಾರಣ ಇದ್ದೇ ಇರುತ್ತದೆ.

ಬಾಂಬೆ ಗುಂಪು ಸಿಕ್ಕಿದ್ದು ಹೀಗೆಯೇ. ಮುಂಬೈಯಲ್ಲಿ ವೈ. ಎಂ. ಭೆಂಡೆ ಮತ್ತು ಸಂಗಡಿಗರು 1952ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಇದನ್ನು ವರದಿ ಮಾಡಿದರು. ಈ ಗುಂಪಿನವರ ಕಣದಲ್ಲಿ ಎ ಇಲ್ಲ, ಬಿ ಇಲ್ಲ; ಹಾಗಾಗಿ ಸೆಲ್ ಗ್ರೂಪಿಂಗ್ ಸರಾಗವಾಗಿ "ಓ" ಎನ್ನುತ್ತದೆ. ಆದರೆ ಎ ಮತ್ತು ಬಿ ಎರಡಕ್ಕೂ ಅಡಿಪಾಯವಾದ ಎಚ್ ಪ್ರತಿಜನಕವೂ ಅವರಲ್ಲಿಲ್ಲ, ಸೀರಂನಲ್ಲಿ ಬಲವಾದ ಆಂಟಿ-ಎಚ್ ಇದೆ. ಓ ಕಣಗಳಲ್ಲಿ ಎಚ್ ತುಂಬಿರುವುದರಿಂದ ಅವೂ ಗಂಟು ಕಟ್ಟುತ್ತವೆ. ಅವರಿಗೆ ಓ ರಕ್ತ ಕೊಟ್ಟರೆ ಜೀವಕ್ಕೇ ಅಪಾಯ. ಬಾಂಬೆ ಗುಂಪಿನವರಿಗೆ ಬಾಂಬೆ ಗುಂಪಿನದೇ ಬೇಕು. ಇದನ್ನು ಗ್ರೂಪಿಂಗ್ ಹಂತದಲ್ಲೇ ಹಿಡಿಯುವ ಕಾವಲುಗಾರ ಯಾವುದು ಗೊತ್ತೇ? ಸೀರಂ ಗ್ರೂಪಿಂಗ್‌ನಲ್ಲಿ ಎ ಮತ್ತು ಬಿ ಕಣಗಳ ಪಕ್ಕ ಇಡುವ ಮೂರನೇ ಟ್ಯೂಬು, ಓ ಕಣಗಳದ್ದು. ಸಮಯ ಉಳಿಸಲು, ಖರ್ಚು ಉಳಿಸಲು ಸಣ್ಣ ಲ್ಯಾಬುಗಳು ಮೊದಲು ಕೈಬಿಡುವುದೂ ಅದನ್ನೇ. ದಯವಿಟ್ಟು ಬಿಡಬೇಡಿ. ಬೆಂಗಳೂರಿನ ಸಂಕಲ್ಪ್ ಇಂಡಿಯಾ ಫೌಂಡೇಶನ್ ಬಾಂಬೆ ಗುಂಪಿನ ದಾನಿಗಳನ್ನೂ ರೋಗಿಗಳನ್ನೂ ಜೋಡಿಸುವ ಕೆಲಸ ಮಾಡುತ್ತಿದೆ. ಆದರೆ ಆ ಪಟ್ಟಿಗೆ ಒಂದು ಹೆಸರು ಸೇರಬೇಕಾದರೆ ಮೊದಲು ಯಾರೋ ಒಬ್ಬರು ಆ ಮೂರನೇ ಟ್ಯೂಬನ್ನು ಅಲುಗಾಡಿಸಿ ನೋಡಿರಬೇಕು.

ಉಳಿದ ಕಾರಣಗಳನ್ನು ಬೇಗ ಹೇಳಿಬಿಡುತ್ತೇನೆ. ಮಲ್ಟಿಪಲ್ ಮೈಲೋಮಾ ರೋಗಿಗಳಲ್ಲಿ ಪ್ರೋಟೀನ್ ಹೆಚ್ಚಾಗಿ ಕಣಗಳು ನಾಣ್ಯದ ಕಂತೆಯಂತೆ ಅಂಟಿಕೊಳ್ಳುತ್ತವೆ. ಸೀರಂ ತೆಗೆದು ಸಲೈನ್ ಹಾಕಿದರೆ ಬಿಡಿಸಿಕೊಳ್ಳುತ್ತವೆ. ತಣ್ಣನೆಯ ಉಷ್ಣತೆಯಲ್ಲಿ ಕೆಲಸ ಮಾಡುವ ಆಟೋ-ಆಂಟಿಬಾಡಿ ಇದ್ದರೆ ಕಣಗಳನ್ನು 37 ಡಿಗ್ರಿಯ ಬಿಸಿ ಸಲೈನಿನಲ್ಲಿ ತೊಳೆಯಿರಿ. ಎ ಗುಂಪಿನ ಕರುಳಿನ ಕ್ಯಾನ್ಸರ್ ರೋಗಿಯಲ್ಲಿ ದುರ್ಬಲ ಬಿ ಕಾಣಿಸಿದರೆ, ಬ್ಯಾಕ್ಟೀರಿಯಾದ ಕಿಣ್ವಗಳಿಂದ ಬಂದ ತಾತ್ಕಾಲಿಕ ಬಿ ಇದ್ದೀತು. ಇತ್ತೀಚೆಗೆ ರಕ್ತ ಪಡೆದವರಲ್ಲಿ ಎರಡು ಬಗೆಯ ಕಣಗಳ ಮಿಶ್ರಣ ಕಾಣಬಹುದು. ಆದ್ದರಿಂದ ರೋಗಿಯ ವಯಸ್ಸು, ಕಾಯಿಲೆ, ಹಿಂದೆ ರಕ್ತ ಪಡೆದ ವಿವರ ಇಷ್ಟನ್ನೂ ಫಾರಂನಲ್ಲಿ ಕೇಳಿ. ಅಷ್ಟರಲ್ಲಿ ತುರ್ತಾಗಿ ರಕ್ತ ಬೇಕಾದರೆ ಕ್ರಾಸ್‌ಮ್ಯಾಚ್ ಹೊಂದುವ ಓ ಕೆಂಪು ಕಣ ಕೊಡುವುದು ವಾಡಿಕೆ. ಬಾಂಬೆ ಶಂಕೆ ಇದ್ದಲ್ಲಿ ಅದೂ ಸಲ್ಲದು.

4. ಹುರುಳಿಯನ್ನು ಮರೆಯಬೇಡಿ

ಎ ಗುಂಪಿನಲ್ಲೇ ಎ1, ಎ2 ಎಂಬ ಒಳಪಂಗಡಗಳಿವೆ. ಎ2ಬಿ ಗುಂಪಿನ ಕೆಲವರ ಸೀರಂನಲ್ಲಿ ಆಂಟಿ-ಎ1 ಇದ್ದು, ಸೀರಂ ಗ್ರೂಪಿಂಗ್ ಗೊಂದಲಕ್ಕೆ ಬೀಳುತ್ತದೆ. ಇವೆರಡನ್ನು ಬೇರ್ಪಡಿಸುವ ರಿಯೇಜೆಂಟ್ ಬರುವುದು ನಾವು ಸಾರು ಮಾಡುವ ಹುರುಳಿಕಾಳಿನಿಂದ. ಅದರ ಈ ಗುಣವನ್ನು ಜಿ. ಡಬ್ಲ್ಯೂ. ಜಿ. ಬರ್ಡ್ 1951ರಲ್ಲಿ ವರದಿ ಮಾಡಿದ್ದು ಬೆಂಗಳೂರಿನಿಂದ ಹೊರಡುವ ಕರೆಂಟ್ ಸೈನ್ಸ್ ಪತ್ರಿಕೆಯಲ್ಲಿ. ಸರಿಯಾಗಿ ತೆಳುಗೊಳಿಸಿದ ಹುರುಳಿ ರಸ ಎ1 ಕಣಗಳನ್ನಷ್ಟೇ ಗಂಟು ಕಟ್ಟಿಸುತ್ತದೆ; ಗಟ್ಟಿಯಾಗಿದ್ದರೆ ಎ2 ಕಣಗಳನ್ನೂ ಹಿಡಿಯುತ್ತದೆ. ಹಾಗಾಗಿ ಬಾಟಲಿ ತೆರೆದಾಗಲೆಲ್ಲ ಒಂದು ಎ1, ಒಂದು ಎ2 ಕಣದ ಮೇಲೆ ಪರೀಕ್ಷಿಸಿ. ಎ2 ಗಂಟು ಕಟ್ಟಿದರೆ ಆ ದಿನ ಆ ಬಾಟಲಿಯ ಮಾತಿಗೆ ಬೆಲೆಯಿಲ್ಲ.

5. ಬಣ್ಣ ನೋಡಿ ಕೈ ಹಾಕಬೇಡಿ

ಆಂಟಿ-ಎ ಬಾಟಲಿ ನೀಲಿ, ಆಂಟಿ-ಬಿ ಹಳದಿ. ಇನ್ನು ನಮ್ಮ ದೇಶದ ನಿಯಮದಂತೆ ರಕ್ತದ ಬ್ಯಾಗಿನ ಲೇಬಲ್: ಎ ಗುಂಪಿಗೆ ಹಳದಿ, ಬಿಗೆ ಗುಲಾಬಿ, ಓಗೆ ನೀಲಿ, ಎಬಿಗೆ ಬಿಳಿ. ಅಂದರೆ ಬೆಂಚಿನಲ್ಲಿ ಹಳದಿ ಬಿಯನ್ನು ಸೂಚಿಸಿದರೆ, ಫ್ರಿಜ್ಜಿನಲ್ಲಿ ಅದೇ ಹಳದಿ ಎ! ರಾತ್ರಿ ಮೂರು ಗಂಟೆಗೆ ಅಪಘಾತದ ಕೇಸು ಬಂದಾಗ ಕಣ್ಣು ಬಣ್ಣವನ್ನೇ ಮೊದಲು ಹಿಡಿಯುತ್ತದೆ. ಅಕ್ಷರ ಓದಿ. ಗಟ್ಟಿಯಾಗಿ ಓದಿ. ಪಕ್ಕದವರಿಗೆ ಕೇಳಲಿ.

6. ಬೆಳಗ್ಗೆ ಮೊದಲು ಕಂಟ್ರೋಲ್, ಆಮೇಲೆ ರೋಗಿ

ಆಂಟಿ-ಎ ಗೆ ಎ ಕಣ ಮತ್ತು ಬಿ ಕಣ, ಆಂಟಿ-ಡಿ ಗೆ ಓ ಪಾಸಿಟಿವ್ ಮತ್ತು ಓ ನೆಗೆಟಿವ್ ಕಣ. ಒಂದು ಗಂಟು ಕಟ್ಟಬೇಕು, ಒಂದು ಕಟ್ಟಬಾರದು. ಬಾಟಲಿ ಮಸುಕಾಗಿದೆಯೇ, ಡ್ರಾಪರ್ ತುದಿ ಎಲ್ಲಾದರೂ ತಗುಲಿದೆಯೇ, 2ರಿಂದ 8 ಡಿಗ್ರಿಯಲ್ಲಿತ್ತೇ, ಎಕ್ಸ್‌ಪೈರಿ ಯಾವಾಗ, ಇಷ್ಟನ್ನೂ ನೋಡಿ. ಹೊಸ ಲಾಟ್ ಬಂದಾಗ ಹಳೆಯದರ ಜೊತೆಗಿಟ್ಟು ಪರೀಕ್ಷಿಸಿ. ಒಳ್ಳೆಯ ಆಂಟಿ-ಎ ಸ್ಲೈಡಿನ ಮೇಲೆ ಎ1 ಕಣಗಳನ್ನು 3-4 ಸೆಕೆಂಡಿನಲ್ಲೇ ಹಿಡಿಯತೊಡಗುತ್ತದೆ. ಸೋಮವಾರವೇ ಶನಿವಾರದವರೆಗಿನ ಕಾಲಂ ತುಂಬಿಟ್ಟ ರಿಜಿಸ್ಟರುಗಳೂ ಇವೆ. ಒಂದೇ ಪೆನ್ನು, ಒಂದೇ ಓರೆ, ಎಲ್ಲ ದಿನವೂ 4 ಪ್ಲಸ್. ಹಾಗೆ ತುಂಬಿದವರು ಇನ್‌ಸ್ಪೆಕ್ಟರನ್ನು ದಾಟಿಸಬಹುದು. ಕೆಟ್ಟ ಬಾಟಲಿಯನ್ನೂ ಅದೇ ಕೈ ದಾಟಿಸುತ್ತದೆ.

7. ನೆಗೆಟಿವ್‌ಗೂ ಸಾಕ್ಷಿ ಕೇಳಿ

ಪಾಸಿಟಿವ್ ಕಣ್ಣಿಗೆ ಕಾಣುತ್ತದೆ. ನೆಗೆಟಿವ್ ಹಾಗಲ್ಲ: ನಿಜವಾಗಿ ಏನೂ ಇಲ್ಲದೆಯೂ ನೆಗೆಟಿವ್ ಬರುತ್ತದೆ, ಪರೀಕ್ಷೆಯೇ ನಡೆಯದಿದ್ದರೂ ನೆಗೆಟಿವ್ ಬರುತ್ತದೆ. ಕೂಂಬ್ಸ್ ಪರೀಕ್ಷೆಯಲ್ಲಿ ಈ ಅಪಾಯ ಬಹಳ. ಕಣಗಳನ್ನು ಮೂರು-ನಾಲ್ಕು ಸಲ ಸಲೈನಿನಲ್ಲಿ ತೊಳೆಯುವಾಗ ಅವಸರ ಮಾಡಿ ಚೂರು ಪ್ಲಾಸ್ಮಾ ಉಳಿಸಿದರೆ, ಅದರಲ್ಲಿರುವ ಐಜಿಜಿ ಕೂಂಬ್ಸ್ ಸೀರಂ ಅನ್ನು ನುಂಗಿಹಾಕುತ್ತದೆ. ಟ್ಯೂಬು ತಣ್ಣಗೆ ನೆಗೆಟಿವ್ ತೋರಿಸುತ್ತದೆ. ಅಪಾಯಕಾರಿ ಆಂಟಿಬಾಡಿ ಇರುವ ರೋಗಿಗೆ ರಕ್ತ ಹೊರಡುತ್ತದೆ. ಅದಕ್ಕೇ ನೆಗೆಟಿವ್ ಬಂದ ಪ್ರತಿ ಟ್ಯೂಬಿಗೂ ಐಜಿಜಿ ಲೇಪಿಸಿದ ಕಂಟ್ರೋಲ್ ಕಣ ಹಾಕಿ, ಮತ್ತೆ ತಿರುಗಿಸಿ ನೋಡಿ. ಈಗ ಗಂಟು ಕಟ್ಟಲೇಬೇಕು. ಕಟ್ಟದಿದ್ದರೆ ಮೊದಲಿನಿಂದ ಶುರು ಮಾಡಿ. ತೊಳೆಯುವ ಹಂತವೇ ಇಲ್ಲದ ಜೆಲ್ ಕಾರ್ಡಿನಲ್ಲಿ ಈ ಕಂಟ್ರೋಲ್ ಬೇಕಿಲ್ಲ.

8. ಡಿ ವಿಷಯದಲ್ಲಿ ದಾನಿಗೊಂದು ನ್ಯಾಯ, ರೋಗಿಗೊಂದು ನ್ಯಾಯ

ನಮ್ಮಲ್ಲಿ ಆರ್‌ಎಚ್ ನೆಗೆಟಿವ್ ಇರುವವರು ನೂರಕ್ಕೆ ಐದರ ಆಸುಪಾಸು. ದಾನಿಯ ರಕ್ತ ಆಂಟಿ-ಡಿ ಜೊತೆ ನೆಗೆಟಿವ್ ಬಂದರೆ ಅಲ್ಲಿಗೇ ಬಿಡದೆ ಕೂಂಬ್ಸ್ ಹಂತದವರೆಗೆ ಒಯ್ದು ದುರ್ಬಲ ಡಿ ಹುಡುಕಿ. ಸಿಕ್ಕರೆ ಆ ಬ್ಯಾಗು ಪಾಸಿಟಿವ್. ಅದೇ ದುರ್ಬಲ ಡಿ ರೋಗಿಯಲ್ಲಿದ್ದರೆ, ಅದರಲ್ಲೂ ಮುಂದೆ ಮಕ್ಕಳಾಗಬೇಕಾದ ಹೆಣ್ಣುಮಕ್ಕಳಲ್ಲಿದ್ದರೆ, ಸಾಮಾನ್ಯವಾಗಿ ನೆಗೆಟಿವ್ ಎಂದೇ ಪರಿಗಣಿಸಿ ಕೊಡುವುದು ಕ್ಷೇಮ. ನೆಗೆಟಿವ್ ತಾಯಿಯನ್ನು ಪಾಸಿಟಿವ್ ಎಂದು ಬರೆದುಬಿಟ್ಟರೆ ಹೆರಿಗೆಯಾದ 72 ಗಂಟೆಯೊಳಗೆ ಸಿಗಬೇಕಾದ ಆಂಟಿ-ಡಿ ಇಂಜೆಕ್ಷನ್ ತಪ್ಪುತ್ತದೆ. ಅದರ ಬೆಲೆ ತೆರುವುದು ಇನ್ನೂ ಹುಟ್ಟದ ಎರಡನೇ ಮಗು.

9. ಕಂಡ ತಕ್ಷಣ ಬರೆಯಿರಿ

ಸ್ಲೈಡನ್ನು ಎರಡು ನಿಮಿಷದೊಳಗೆ ಓದಿ. ಅಂಚು ಒಣಗಿದರೆ ಗಂಟಿನಂತೆಯೇ ಕಾಣುತ್ತದೆ. ಟ್ಯೂಬನ್ನು ಮೆಲ್ಲಗೆ ಅಲುಗಾಡಿಸಿ. ಜೋರಾಗಿ ಕುಲುಕಿದರೆ ದುರ್ಬಲ ಗಂಟು ಬಿಚ್ಚಿಹೋಗುತ್ತದೆ. ಪ್ಲಸ್ಸುಗಳ ಲೆಕ್ಕವನ್ನೂ ಬರೆಯಿರಿ. ಬರೀ "ಪಾಸಿಟಿವ್" ಎಂದು ಬರೆದಲ್ಲಿ 1 ಪ್ಲಸ್‌ನ ಅನುಮಾನವೂ 4 ಪ್ಲಸ್‌ನ ಖಾತರಿಯೂ ಒಂದೇ ಆಗಿಬಿಡುತ್ತವೆ.

10. ಚುಕ್ಕಿಗಳ ಜಾಡು ಹಿಡಿಯಿರಿ, ಫ್ರಿಜ್ಜಿನ ಬಾಗಿಲು ಹಾಕಿ

ಎಚ್‌ಐವಿ, ಹೆಪಟೈಟಿಸ್ ಬಿ, ಸಿ, ಸಿಫಿಲಿಸ್, ಮಲೇರಿಯಾ ಈ ಐದೂ ಪರೀಕ್ಷೆಗಳು ಪ್ರತಿ ಯೂನಿಟ್‌ಗೂ ಕಡ್ಡಾಯ. ಎಲೈಸಾ ಪ್ಲೇಟಿನಲ್ಲಿ ಕಿಟ್ಟಿನೊಂದಿಗೆ ಬರುವ ಕಂಟ್ರೋಲ್ ಸಾಲದು, ಹೊರಗಿನದೊಂದನ್ನೂ ಇಡಿ. ಅದರ ಅಂಕಿಯನ್ನು ದಿನವೂ ಲೆವಿ-ಜೆನ್ನಿಂಗ್ಸ್ ಚಾರ್ಟಿನಲ್ಲಿ ಚುಕ್ಕಿಯಿಟ್ಟು ನೋಡಿ. ಸರಾಸರಿಯಿಂದ ಮೂರು ಎಸ್‌ಡಿ ಆಚೆ ಬಿದ್ದರೆ ಆ ರನ್ ತಿರಸ್ಕಾರ. ಒಂದೇ ಬದಿಗೆ ಸತತ ಎರಡು ಚುಕ್ಕಿ ಎರಡು ಎಸ್‌ಡಿ ದಾಟಿದರೂ ಅಷ್ಟೇ. ದಿನದಿಂದ ದಿನಕ್ಕೆ ನಿಧಾನವಾಗಿ ಕೆಳಗಿಳಿಯುವ ಸಾಲು ಕಂಡರೆ ಕಿಟ್, ಪೈಪೆಟ್, ಇನ್‌ಕ್ಯುಬೇಟರ್ ನೋಡಿ. ಕೆಂಪು ಕಣಕ್ಕೆ 2ರಿಂದ 6 ಡಿಗ್ರಿ, ಪ್ಲೇಟ್‌ಲೆಟ್‌ಗೆ 20ರಿಂದ 24 ಡಿಗ್ರಿಯಲ್ಲಿ ನಿರಂತರ ಅಲುಗಾಟ. ಬ್ಯಾಗು ಫ್ರಿಜ್ಜಿನಿಂದ ಹೋಗಿ 30 ನಿಮಿಷ ದಾಟಿದರೆ ವಾಪಸ್ ಸ್ಟಾಕಿಗೆ ಸೇರಿಸಬೇಡಿ. ಅಲಾರಂ ಬಡಿಯುತ್ತದೆಯೇ ಎಂದು ಕರೆಂಟ್ ಹೋಗುವ ಮುಂಚೆಯೇ ಪರೀಕ್ಷಿಸಿ.

11. ನಿಮ್ಮಿಂದಾಗದಿದ್ದರೆ ಮೇಲಕ್ಕೆ ಕಳಿಸಿ

ಕೋಲಾರದ ಆರ್. ಎಲ್. ಜಾಲಪ್ಪ ಆಸ್ಪತ್ರೆಗೆ ಹೃದಯದ ಶಸ್ತ್ರಚಿಕಿತ್ಸೆಗೆಂದು 38 ವರ್ಷದ ಮಹಿಳೆಯೊಬ್ಬರು ದಾಖಲಾಗಿದ್ದರು. ಗುಂಪು ಓ ಪಾಸಿಟಿವ್, ಎಲ್ಲ ಕಡೆ ಸಿಗುವಂಥದ್ದು. ಆದರೆ ಯಾವ ಓ ಪಾಸಿಟಿವ್ ಯೂನಿಟ್ ಕೂಡ ಹೊಂದಲಿಲ್ಲ. ಅಲ್ಲಿನವರು ಸ್ಯಾಂಪಲ್ಲನ್ನು ಬೆಂಗಳೂರಿನ ರೋಟರಿ ಟಿಟಿಕೆ ರಕ್ತ ಕೇಂದ್ರಕ್ಕೆ ಕಳಿಸಿದರು. ಅಲ್ಲಿ ಪರೀಕ್ಷಿಸಿದಾಗ ಆಕೆಯ ಸೀರಂ ಸಿಕ್ಕ ಕಣಗಳನ್ನೆಲ್ಲ ಗಂಟು ಕಟ್ಟಿಸಿತು. ಕುಟುಂಬದ 20 ಮಂದಿಯ ರಕ್ತ ನೋಡಿದರೂ ಒಂದೂ ಹೊಂದಲಿಲ್ಲ. ವೈದ್ಯರು ಬಹು ಎಚ್ಚರಿಕೆಯಿಂದ, ರಕ್ತವನ್ನೇ ಕೊಡದೆ ಶಸ್ತ್ರಚಿಕಿತ್ಸೆ ಮುಗಿಸಿದರು. ಸ್ಯಾಂಪಲ್ ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿರುವ ಅಂತರರಾಷ್ಟ್ರೀಯ ರೆಫರೆನ್ಸ್ ಲ್ಯಾಬಿಗೆ ಹೋಯಿತು. ಸುಮಾರು ಹತ್ತು ತಿಂಗಳ ಕೆಲಸದ ನಂತರ ಅದು ಜಗತ್ತಿನಲ್ಲಿ ಯಾರೂ ಕಂಡಿರದ ಪ್ರತಿಜನಕ ಎಂದು ತಿಳಿಯಿತು. ಕ್ರೋಮರ್ ರಕ್ತಗುಂಪು ವ್ಯವಸ್ಥೆಗೆ ಸೇರಿದ ಅದಕ್ಕೆ ಕ್ರೋಮರ್, ಇಂಡಿಯಾ, ಬೆಂಗಳೂರು ಸೇರಿಸಿ "ಕ್ರಿಬ್" ಎಂದು ಹೆಸರಿಟ್ಟು, 2025ರ ಜೂನ್‌ನಲ್ಲಿ ಮಿಲಾನ್‌ನಲ್ಲಿ ನಡೆದ ಸಮ್ಮೇಳನದಲ್ಲಿ ಪ್ರಕಟಿಸಿದರು. ಹೊಂದದ ಕ್ರಾಸ್‌ಮ್ಯಾಚನ್ನು ಕೋಲಾರದಲ್ಲಿ ಗಂಭೀರವಾಗಿ ತೆಗೆದುಕೊಳ್ಳದಿದ್ದರೆ ಇದರ ಸುಳಿವೇ ಸಿಗುತ್ತಿರಲಿಲ್ಲ.

ಆದ್ದರಿಂದ ಹತ್ತಿರದ ರೆಫರೆನ್ಸ್ ಲ್ಯಾಬಿನ ಫೋನ್ ನಂಬರನ್ನು ಬೆಂಚಿನ ಮೇಲಿನ ಗೋಡೆಗೆ ಅಂಟಿಸಿ. ಯಾವ ಟ್ಯೂಬಿನಲ್ಲಿ ಎಷ್ಟು ರಕ್ತ, ಯಾವ ಉಷ್ಣತೆಯಲ್ಲಿ ಕಳಿಸಬೇಕು ಎಂದು ಇವತ್ತೇ ಕೇಳಿ ಬರೆದಿಡಿ. ಸ್ಯಾಂಪಲ್ ಜೊತೆ ರೋಗಿಯ ಗರ್ಭಧಾರಣೆ, ಹಿಂದೆ ರಕ್ತ ಪಡೆದದ್ದು, ತೆಗೆದುಕೊಳ್ಳುತ್ತಿರುವ ಔಷಧಿ, ನೀವು ಮಾಡಿದ ಪರೀಕ್ಷೆಗಳು ಮತ್ತು ಪ್ರತಿ ಟ್ಯೂಬಿನಲ್ಲಿ ಕಂಡ ಪ್ಲಸ್ಸುಗಳ ಸಂಖ್ಯೆ, ಇವಿಷ್ಟೂ ಇರಬೇಕು.