ನೆಲ ಮುಟ್ಟುವ ಕ್ಷಣ

ಬಾನಿಗೆ ಏರುವುದಕ್ಕಿಂತ ನೆಲಕ್ಕೆ ಮರಳುವುದೇ ವೈಮಾನಿಕನಿಗೆ ಹೆಚ್ಚು ಕಠಿಣವಾದ ಕಾರ್ಯ. ಖಾಸಗಿ ಬಳಕೆಯ ಸಣ್ಣ ವಿಮಾನಗಳಿಗೆ ಒದಗುವ ಅಪಘಾತಗಳಲ್ಲಿ ಹಲವು ಇಳಿಯುವ ಹೊತ್ತಿನಲ್ಲಿಯೇ ಸಂಭವಿಸುತ್ತವೆ. ಅವುಗಳಲ್ಲಿ ಪ್ರಾಣಹಾನಿ ವಿರಳವಾದರೂ ವಿಮಾನ ಜಖಂಗೊಳ್ಳುವುದು ಸಾಮಾನ್ಯ.

ಅಮೆರಿಕದ ಸೆಸ್ನಾ 172 ಎಂಬ ವಿಮಾನವನ್ನೇ ಉದಾಹರಣೆಯಾಗಿ ನೋಡಬಹುದು. 1955ರಲ್ಲಿ ಮೊದಲು ಹಾರಿದ, ನಾಲ್ವರು ಕುಳಿತುಕೊಳ್ಳಬಹುದಾದ ಈ ಮಾದರಿಯ ವಿಮಾನಗಳು ಇದುವರೆಗೆ 40,000ಕ್ಕೂ ಹೆಚ್ಚು ನಿರ್ಮಾಣಗೊಂಡಿವೆ. ಇದರ ಒಡಲಿನ ಇಬ್ಬದಿಗೆ ಎರಡು ಮುಖ್ಯ ಗಾಲಿಗಳೂ ಮೂತಿಯ ಕೆಳಗೆ ಒಂದು ಮುಂಗಾಲಿಯೂ ಇವೆ. ಇಳಿಯುವಾಗಿನ ಆಘಾತವನ್ನು ತಾಳಿಕೊಳ್ಳಲೆಂದೇ ರಚಿತವಾದವು ಮುಖ್ಯ ಗಾಲಿಗಳು. ಮುಂಗಾಲಿಯಾದರೋ ಅಷ್ಟು ಬಲವಾದುದಲ್ಲ.

ಗಂಟೆಗೆ ಸುಮಾರು 120 ಕಿಲೋಮೀಟರು ವೇಗದಿಂದ ರನ್‌ವೇಯತ್ತ ಇಳಿದುಬರುವ ವೈಮಾನಿಕನು, ನೆಲ ಇನ್ನು ಕೆಲವೇ ಮೀಟರು ದೂರವಿರುವಾಗ ಎಂಜಿನ್ನಿನ ಶಕ್ತಿಯನ್ನು ತಗ್ಗಿಸಿ, ಮೂತಿಯನ್ನು ಮೆಲ್ಲನೆ ಮೇಲೆತ್ತುತ್ತಾನೆ. ಆಗ ಇಳಿತದ ವೇಗ ಕುಗ್ಗಿ, ಮುಖ್ಯ ಗಾಲಿಗಳು ಮೊದಲು ನೆಲವನ್ನು ಸ್ಪರ್ಶಿಸುತ್ತವೆ. ಮೂತಿಯನ್ನು ತಡವಾಗಿ ಎತ್ತಿದರೆ ವಿಮಾನ ನೆಲಕ್ಕೆ ಬಡಿಯುತ್ತದೆ. ತೀರ ಎತ್ತರದಲ್ಲಿಯೇ ಎತ್ತಿದರೆ ವೇಗ ಕುಂದಿ, ರೆಕ್ಕೆಗಳು ಎತ್ತುವ ಬಲವನ್ನು ಕಳೆದುಕೊಂಡು, ವಿಮಾನ ಕುಸಿದು ಬೀಳುತ್ತದೆ. ಇಳಿತದ ವೇಗ ಇಮ್ಮಡಿಯಾದರೆ ಗಾಲಿಗಳು ಹೀರಿಕೊಳ್ಳಬೇಕಾದ ಚಲನಶಕ್ತಿ ನಾಲ್ಕು ಪಟ್ಟಾಗುತ್ತದೆ ಎಂಬುದು ಇಲ್ಲಿ ಗಮನಾರ್ಹ.

ಆದರೂ ಮೊದಲ ಬಡಿತವೇ ಯಾವಾಗಲೂ ಅನಾಹುತವಲ್ಲ. ಬಡಿದ ವಿಮಾನ ಚೆಂಡಿನಂತೆ ಪುಟಿದೇಳುತ್ತದೆ. ಗಾಬರಿಗೊಂಡ ವೈಮಾನಿಕನು ಅದನ್ನು ಹೇಗಾದರೂ ಇಳಿಸಲೇಬೇಕೆಂದು ಮೂತಿಯನ್ನು ಕೆಳಕ್ಕೆ ಬಾಗಿಸುತ್ತಾನೆ. ಆಗ ಮುಂಗಾಲಿಯೇ ಮೊದಲು ನೆಲಕ್ಕೆ ಅಪ್ಪಳಿಸಿ, ವಿಮಾನ ಮತ್ತಷ್ಟು ರಭಸದಿಂದ ಪುಟಿಯುತ್ತದೆ. ಹೀಗೆ ಎರಡು ಮೂರು ಸಲ ಆಗುವಷ್ಟರಲ್ಲಿ ಮುಂಗಾಲಿ ಮುರಿಯಬಹುದು, ತಿರುಗುತ್ತಿರುವ ಪ್ರೊಪೆಲರ್ ನೆಲಕ್ಕೆ ತಾಗಿ ಬಾಗಬಹುದು, ಎಂಜಿನ್ನೂ ಹಾಳಾಗಬಹುದು.

ಇದಕ್ಕೆ ಪರಿಹಾರ ಸರಳವಾದುದು. ವಿಮಾನ ಜೋರಾಗಿ ಪುಟಿದರೆ ಎಂಜಿನ್ನಿಗೆ ಪೂರ್ಣ ಶಕ್ತಿ ಕೊಟ್ಟು ಮರಳಿ ಮೇಲೇರಬೇಕು. ಒಂದು ಸುತ್ತು ಹಾಕಿ ಬಂದು ಹೊಸದಾಗಿ ಇಳಿಯಬೇಕು. ಇದನ್ನು ಪ್ರತಿಯೊಬ್ಬ ವೈಮಾನಿಕನಿಗೂ ತರಬೇತಿಯ ಕಾಲದಲ್ಲಿಯೇ ಕಲಿಸುತ್ತಾರೆ. ಆದರೆ ನೆಲ ಇಷ್ಟು ಸಮೀಪದಲ್ಲಿರುವಾಗ ಅದನ್ನು ಬಿಟ್ಟು ಮೇಲೇರಲು ಮನಸ್ಸು ಒಪ್ಪುವುದಿಲ್ಲ. ಜೊತೆಯಲ್ಲಿ ಕುಳಿತವರು ಏನೆಂದುಕೊಂಡಾರೋ ಎಂಬ ಸಂಕೋಚವೂ ಕಾಡುತ್ತದೆ. ಆ ಸಂಕೋಚವನ್ನು ಗೆದ್ದವನು ಸೋತವನಲ್ಲ. ತನ್ನನ್ನು ನಂಬಿದವರನ್ನು ಸುರಕ್ಷಿತವಾಗಿ ನೆಲಕ್ಕೆ ತರುವ ಜಾಣನು ಅವನೇ.